ಕಾಲಾಣಿಯಿಂದ ಒಳಬೆಳೆದ ಉಗುರಿನವರೆಗೆ: ಪಾದದ ಚಿಕಿತ್ಸೆಗೆ ಹೋಗುವವರಿಗೊಂದು ಮಾರ್ಗದರ್ಶಿ

ಕಾಲಿನ ತೊಂದರೆಗೆ ವೈದ್ಯರ ಬಳಿ ಹೋಗುವುದು ನಮ್ಮಲ್ಲಿ ಎಲ್ಲ ಉಪಾಯಗಳೂ ಮುಗಿದ ಮೇಲೆ. ಆಣಿಯಾದರೆ ದಾಡಿ ಮಾಡುವ ಬ್ಲೇಡು, ಹಿಮ್ಮಡಿ ಒಡೆದರೆ ಮೇಣ ಕರಗಿಸಿದ ಕೊಬ್ಬರಿ ಎಣ್ಣೆ, ಉಗುರುಸುತ್ತಾದರೆ ಬೆರಳಿಗೆ ತೊಡಿಸಿದ ನಿಂಬೆಹಣ್ಣು, ಹೀಗೆ ಮನೆಯಲ್ಲಿ ಆಗುವುದೆಲ್ಲ ಆಗಿ, ಚಪ್ಪಲಿ ಮೆಟ್ಟಲೂ ಆಗದಂತಾದಾಗ ಆಸ್ಪತ್ರೆಯ ನೆನಪಾಗುತ್ತದೆ. ಹೋದ ಮೇಲೂ ಅಲ್ಲಿ ಏನು ಮಾಡುತ್ತಾರೆ, ಯಾವುದನ್ನು ಕೇಳಿ ತಿಳಿದುಕೊಳ್ಳಬೇಕು, ಮನೆಗೆ ಬಂದ ಮೇಲೆ ಏನು ಮಾಡಬೇಕು ಎಂಬುದು ಗೊತ್ತಿಲ್ಲದೆ, ಅರ್ಧಕ್ಕೇ ಚಿಕಿತ್ಸೆ ಬಿಡುವವರು ಬಹಳ ಮಂದಿ. ಪಾದದ ಸಾಮಾನ್ಯ ತೊಂದರೆಗಳಲ್ಲಿ ಹೆಚ್ಚಿನವು ಎಲ್ಲಿಯೋ ಬೀಳುತ್ತಿರುವ ಒತ್ತಡದಿಂದ ಅಥವಾ ಎಲ್ಲಿಯೋ ನಿಂತ ತೇವದಿಂದ ಹುಟ್ಟುತ್ತವೆ. ಕತ್ತರಿಸಿ ತೆಗೆಯುವುದು ಚಿಕಿತ್ಸೆಯ ಅರ್ಧ ಮಾತ್ರವಾಗಿದ್ದು, ಆ ಒತ್ತಡವನ್ನೋ ತೇವವನ್ನೋ ನಿವಾರಿಸುವುದು ಉಳಿದ ಅರ್ಧ ಎಂಬುದನ್ನು ನೆನಪಿನಲ್ಲಿಟ್ಟುಕೊಂಡರೆ, ಮುಂದೆ ಹೇಳುವ ಕ್ರಮವೆಲ್ಲ ಸುಲಭವಾಗಿ ಅರ್ಥವಾಗುತ್ತದೆ.

ಮನೆಯಲ್ಲಿ ಮೊದಲು ಮಾಡಬೇಕಾದದ್ದು

ಕಾಲನ್ನು ತೊಳೆದು, ಬೆರಳ ಸಂದಿಗಳನ್ನೂ ಚೆನ್ನಾಗಿ ಒರೆಸಿ, ಹಗಲಿನ ಬೆಳಕಿನಲ್ಲಿ ಕುಳಿತು ನೋಡಿಕೊಳ್ಳಿ. ಬಗ್ಗಿ ನೋಡಲಾಗದವರು ನೆಲದ ಮೇಲೊಂದು ಕನ್ನಡಿಯಿಟ್ಟು ಅಂಗಾಲನ್ನು ನೋಡಬಹುದು, ಇಲ್ಲವೇ ಮನೆಯವರಿಂದ ಮೊಬೈಲಿನಲ್ಲಿ ಫೋಟೋ ತೆಗೆಸಿಕೊಳ್ಳಬಹುದು. ಉಗುರಿಗೆ ಹಚ್ಚಿದ ಬಣ್ಣವನ್ನು ಎರಡು ದಿನ ಮೊದಲೇ ತೆಗೆದುಬಿಡಿ. ಮದರಂಗಿ ಹಚ್ಚಿದ ಉಗುರಿನ ನಿಜವಾದ ಬಣ್ಣ ವೈದ್ಯರಿಗೆ ಕಾಣುವುದಿಲ್ಲವಾದ್ದರಿಂದ, ಭೇಟಿ ನಿಗದಿಯಾಗಿದ್ದರೆ ಅದನ್ನು ಹಚ್ಚಿಕೊಳ್ಳದಿರುವುದು ಮೇಲು. ಉಗುರು ದಪ್ಪಗಾಗಿ ಹಳದಿಗಟ್ಟಿದ್ದರೆ ಹೋಗುವ ಮುನ್ನ ಅದನ್ನು ಕತ್ತರಿಸಿ ಅಂದಗೊಳಿಸಲು ಹೋಗಬೇಡಿ. ಪರೀಕ್ಷೆಗೆ ಕಳಿಸಬೇಕಾದ ತುಣುಕು ಅದೇ.

ಜೊತೆಗೆ ಒಯ್ಯಬೇಕಾದವು ಎರಡು. ಮೊದಲನೆಯದು, ಸೇವಿಸುತ್ತಿರುವ ಮಾತ್ರೆಗಳ ಚೀಟಿ. ಅದರಲ್ಲಿಯೂ ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ, ಹಿಂದೆ ಯಾವುದಾದರೂ ಚುಚ್ಚುಮದ್ದು ಒಗ್ಗದೆ ಹೋಗಿದ್ದರೆ, ತಪ್ಪದೆ ಹೇಳಬೇಕು. ಎರಡನೆಯದು, ಅತಿ ಹೆಚ್ಚು ಬಳಸಿ ಸವೆದ ಚಪ್ಪಲಿ ಅಥವಾ ಬೂಟು. ಹೊಸದನ್ನು ಹಾಕಿಕೊಂಡು ಹೋಗುವುದು ನಮ್ಮ ರೂಢಿ, ಆದರೆ ಹಿಮ್ಮಡಿಯ ಯಾವ ಬದಿ ಸವೆದಿದೆ, ಯಾವ ಬೆರಳಿನ ಗುರುತು ಆಳವಾಗಿ ಬಿದ್ದಿದೆ ಎಂಬುದನ್ನು ಹಳೆಯ ಚಪ್ಪಲಿಯೇ ಹೇಳಬೇಕು.

ಕೆಲವು ಲಕ್ಷಣಗಳಿದ್ದರೆ ಇಷ್ಟೆಲ್ಲ ಸಿದ್ಧತೆಗೂ ಸಮಯವಿಲ್ಲ. ಬೆರಳು ಕಪ್ಪಾಗುವುದು, ಕೆಂಪು ಬಾವು ಪಾದದಿಂದ ಮೇಲಕ್ಕೆ ಏರುವುದು, ಗಾಯದಿಂದ ದುರ್ವಾಸನೆ ಬರುವುದು, ಕಾಲಿನ ಹುಣ್ಣಿನ ಜೊತೆಗೆ ಜ್ವರ ಬರುವುದು, ಸ್ಪರ್ಶಜ್ಞಾನ ಕಡಿಮೆಯಿರುವ ಪಾದ ಇದ್ದಕ್ಕಿದ್ದಂತೆ ಊದಿಕೊಂಡು ಬಿಸಿಯಾಗುವುದು, ಇವುಗಳಲ್ಲಿ ಯಾವುದಿದ್ದರೂ ಅದೇ ದಿನ ಆಸ್ಪತ್ರೆಗೆ ಹೋಗಬೇಕು.

ಯಾರ ಬಳಿ ಹೋಗಬೇಕು

ಬ್ರಿಟನ್, ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಪೊಡಿಯಾಟ್ರಿ ಎಂಬುದು ಪಾದಕ್ಕೇ ಮೀಸಲಾದ ಪ್ರತ್ಯೇಕ ವೃತ್ತಿ. ಬ್ರಿಟನ್ನಿನಲ್ಲಿ ನೋಂದಣಿಯಾಗದವರು ಪೊಡಿಯಾಟ್ರಿಸ್ಟ್ ಎಂದು ಫಲಕ ಹಾಕಿಕೊಳ್ಳುವಂತಿಲ್ಲ. ನಮ್ಮಲ್ಲಿ ಇಂತಹ ತಜ್ಞರು ಇನ್ನೂ ವಿರಳ. ಬೆಂಗಳೂರಿನಲ್ಲಿರುವ ಸರ್ಕಾರಿ ಸಂಸ್ಥೆಯಾದ ಕರ್ನಾಟಕ ಇನ್‌ಸ್ಟಿಟ್ಯೂಟ್ ಆಫ್ ಎಂಡೋಕ್ರೈನಾಲಜಿ ಅಂಡ್ ರಿಸರ್ಚ್‌ನಲ್ಲಿ ಪೊಡಿಯಾಟ್ರಿ ವಿಭಾಗವಿದೆ; ದೊಡ್ಡ ಊರುಗಳ ಕೆಲವು ಮಧುಮೇಹ ಆಸ್ಪತ್ರೆಗಳಲ್ಲಿ ಪಾದಕ್ಕೆಂದೇ ಕ್ಲಿನಿಕ್‌ಗಳಿವೆ. ಉಳಿದೆಡೆ ಕೆಲಸ ಹಂಚಿಹೋಗಿದೆ: ಉಗುರಿನ ಫಂಗಸ್, ನರಹುಲಿ, ಬೆರಳ ಸಂದಿಯ ಹುಣ್ಣಿಗೆ ಚರ್ಮರೋಗ ತಜ್ಞರು, ಒಳಬೆಳೆದ ಉಗುರಿಗೆ ಸಾಮಾನ್ಯ ಶಸ್ತ್ರಚಿಕಿತ್ಸಕರು, ಬೆರಳು ಸೊಟ್ಟಗಾಗಿ ಮೂಳೆ ಎದ್ದಿದ್ದರೆ ಮೂಳೆ ತಜ್ಞರು. ಬ್ಯೂಟಿ ಪಾರ್ಲರಿನ ಪೆಡಿಕ್ಯೂರ್ ಕಾಲನ್ನು ಚೊಕ್ಕಗೊಳಿಸುವ ಸೇವೆಯೇ ಹೊರತು ಚಿಕಿತ್ಸೆಯಲ್ಲ.

ಜಾತ್ರೆಗಳಲ್ಲಿ, ಬಸ್ ನಿಲ್ದಾಣಗಳ ಬಳಿ ಕುಳಿತು ಆಣಿ ಕೀಳುವವರ ಬಗ್ಗೆಯೂ ಒಂದು ಮಾತು ಹೇಳಬೇಕು. ಕೊಂಬನ್ನು ಇಟ್ಟು ಹೀರಿ, ಕೊನೆಗೆ ದಾರದಂತಹ ಏನನ್ನೋ ತೋರಿಸಿ ಆಣಿಯ ಬೇರು ಬಂತೆಂದು ಅವರು ಹೇಳುತ್ತಾರೆ. ಆಣಿಗೆ ಬೇರೇ ಇಲ್ಲ. ಒಬ್ಬರಿಂದೊಬ್ಬರಿಗೆ ಅದೇ ಹತಾರ ಬಳಕೆಯಾಗುವುದರಿಂದ ರಕ್ತದ ಮೂಲಕ ಹರಡುವ ಸೋಂಕಿನ ಭಯವಂತೂ ಇದ್ದೇ ಇದೆ.

ಬ್ಲೇಡಿಗೆ ಮೊದಲು ನಡೆಯುವ ಪರೀಕ್ಷೆ

ಬಲ್ಲ ತಜ್ಞರು ನೋವಿನ ಜಾಗವನ್ನು ಮುಟ್ಟುವ ಮುನ್ನ ಎರಡು ಸಂಗತಿಗಳನ್ನು ಖಚಿತಪಡಿಸಿಕೊಳ್ಳುತ್ತಾರೆ: ಪಾದಕ್ಕೆ ರಕ್ತ ಸಾಕಷ್ಟು ಬರುತ್ತಿದೆಯೇ, ಮುಟ್ಟಿದ್ದು ಗೊತ್ತಾಗುತ್ತಿದೆಯೇ. ಪಾದದ ಮೇಲ್ಭಾಗದಲ್ಲಿಯೂ ಕಣಕಾಲಿನ ಒಳಬದಿಯ ಗಂಟಿನ ಹಿಂದೆಯೂ ನಾಡಿ ಹಿಡಿದು ನೋಡುವುದು ಮೊದಲ ಹೆಜ್ಜೆ. ಅನುಮಾನವಿದ್ದರೆ ಕಣಕಾಲಿನ ರಕ್ತದೊತ್ತಡವನ್ನು ತೋಳಿನ ರಕ್ತದೊತ್ತಡದಿಂದ ಭಾಗಿಸುತ್ತಾರೆ. ಬಂದ ಸಂಖ್ಯೆ 0.9ಕ್ಕಿಂತ ಕಡಿಮೆಯಿದ್ದರೆ ಕಾಲಿನ ರಕ್ತನಾಳ ಕಿರಿದಾಗಿದೆ ಎಂದು ತಿಳಿಯಬಹುದು. ಮಧುಮೇಹ ಹಳೆಯದಾದವರಲ್ಲಿ ರಕ್ತನಾಳದ ಗೋಡೆಗೆ ಸುಣ್ಣದಂಶ ಕಟ್ಟಿ ಗಡುಸಾಗಿರುವುದರಿಂದ ಈ ಸಂಖ್ಯೆ ಸುಳ್ಳಾಗಿ ಹೆಚ್ಚಾಗಿ ಬರುವುದುಂಟು. ಅಂಥವರಿಗೆ ಹೆಬ್ಬೆರಳಿನ ಒತ್ತಡವನ್ನೇ ಅಳೆಯುತ್ತಾರೆ.

ಸ್ಪರ್ಶಜ್ಞಾನದ ಪರೀಕ್ಷೆಗೆ ಬೇಕಾಗುವುದು ಒಂದು ನೈಲಾನ್ ಎಳೆ. ಚರ್ಮಕ್ಕೆ ಒತ್ತಿದಾಗ ಸರಿಯಾಗಿ 10 ಗ್ರಾಂ ಬಲಕ್ಕೆ ಬಾಗುವಂತೆ ಅದನ್ನು ತಯಾರಿಸಿರುತ್ತಾರೆ. ಕಣ್ಣು ಮುಚ್ಚಿ ಕುಳಿತವರು ಆ ಎಳೆ ತಾಗಿದ್ದನ್ನು ಹೇಳಲಾಗದಿದ್ದರೆ, ಚಪ್ಪಲಿಯೊಳಗೆ ಕಲ್ಲು ಸೇರಿದ್ದೂ ಅವರಿಗೆ ತಿಳಿಯದೆ ಹೋಗಬಹುದು. ಜೊತೆಗೆ 128 ಹರ್ಟ್ಸ್‌ನ ಶ್ರುತಿಕವಲನ್ನು (ಟ್ಯೂನಿಂಗ್ ಫೋರ್ಕ್) ಹೆಬ್ಬೆರಳಿನ ಮೂಳೆಗೆ ತಾಗಿಸಿ ಕಂಪನ ತಿಳಿಯುವುದೇ ಎಂದು ಕೇಳುತ್ತಾರೆ.

ನೋವು ಗೊತ್ತಾಗದಿರುವುದೇ ಪಾದಕ್ಕೆ ಅಪಾಯ ಎಂಬ ತಿಳಿವಳಿಕೆ ಗಟ್ಟಿಯಾದದ್ದರಲ್ಲಿ ನಮ್ಮ ನೆರೆಯ ವೆಲ್ಲೂರಿಗೆ ದೊಡ್ಡ ಪಾಲಿದೆ. 1946ರಲ್ಲಿ ಅಲ್ಲಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದ ಶಸ್ತ್ರಚಿಕಿತ್ಸಕ ಪಾಲ್ ಬ್ರಾಂಡ್ ಅವರು, ಕುಷ್ಠರೋಗಿಗಳ ಕಾಲಿನ ಹುಣ್ಣು ರೋಗದಿಂದಲೇ ಕೊಳೆತು ಆಗುವಂಥದ್ದಲ್ಲ, ಜೋಮು ಹಿಡಿದ ಪಾದದ ಒಂದೇ ಜಾಗದ ಮೇಲೆ ದಿನವೂ ಬೀಳುವ ಸಣ್ಣ ಸಣ್ಣ ಒತ್ತಡಗಳಿಂದ ಆಗುತ್ತದೆ ಎಂದು ತೋರಿಸಿದರು. ಇಂದು ಮಧುಮೇಹಿಗಳಿಗೆ ಕೊಡುವ ಎಂಸಿಆರ್ ಎಂಬ ಮೆದು ರಬ್ಬರಿನ ಚಪ್ಪಲಿಯ ಹಿಂದೆ ಇರುವುದು ಕುಷ್ಠರೋಗಿಗಳ ಪಾದ ಕಲಿಸಿದ ಈ ಪಾಠವೇ.

ಆಣಿ ಮತ್ತು ಜಡ್ಡು

ಮೂಳೆ ಮತ್ತು ಚಪ್ಪಲಿಯ ನಡುವೆ ಸಿಕ್ಕ ಚರ್ಮ ತನ್ನನ್ನು ಕಾಪಾಡಿಕೊಳ್ಳಲು ದಪ್ಪವಾಗುತ್ತದೆ. ಹರವಾಗಿ ದಪ್ಪವಾದರೆ ಜಡ್ಡು. ಒಂದೇ ಬಿಂದುವಿನಲ್ಲಿ ಮೊಳೆಯಂತೆ ಒಳಕ್ಕೆ ಇಳಿದರೆ ಆಣಿ. ಆಯುರ್ವೇದದಲ್ಲಿ ಕದರ ಎಂದು ಕರೆಯುವುದು ಇದನ್ನೇ.

ತಜ್ಞರು ಮೊದಲು ಇದು ಆಣಿಯೋ ನರಹುಲಿಯೋ ಎಂದು ನಿರ್ಧರಿಸುತ್ತಾರೆ. ಮೇಲಿನಿಂದ ನೇರವಾಗಿ ಒತ್ತಿದಾಗ ಹೆಚ್ಚು ನೋಯುವುದು ಆಣಿ; ಎರಡು ಬದಿಯಿಂದ ಹಿಂಡಿದಾಗ ಹೆಚ್ಚು ನೋಯುವುದು ನರಹುಲಿ. ನರಹುಲಿಯಲ್ಲಿ ಚರ್ಮದ ಗೆರೆಗಳು ಅದರ ಅಂಚಿನಲ್ಲಿಯೇ ತುಂಡಾಗುತ್ತವೆ, ಮೇಲ್ಪದರವನ್ನು ಹೆರೆದರೆ ಕಪ್ಪು ಚುಕ್ಕಿಗಳು ಕಾಣುತ್ತವೆ. ಆಣಿಯೇ ಎಂದು ಖಚಿತವಾದ ಮೇಲೆ ಶುದ್ಧೀಕರಿಸಿದ ಶಸ್ತ್ರದ ಅಲಗಿನಿಂದ ಪದರ ಪದರವಾಗಿ ಹೆರೆದು, ನಡುವಿನ ಗಟ್ಟಿ ತಿರುಳನ್ನು ಬಿಡಿಸುತ್ತಾರೆ. ಹೆರೆಯುವುದು ಸತ್ತ ಚರ್ಮವಾದ್ದರಿಂದ ಸಾಮಾನ್ಯವಾಗಿ ಅರಿವಳಿಕೆ ಬೇಕಾಗುವುದಿಲ್ಲ, ರಕ್ತವೂ ಬರಬಾರದು. ಕುರ್ಚಿಯಿಂದ ಇಳಿದು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿಯೇ ಹಗುರವೆನಿಸುತ್ತದೆ.

ಆ ಹಗುರಕ್ಕೆ ಮರುಳಾಗಿ ಅಷ್ಟಕ್ಕೇ ನಿಲ್ಲಿಸಿದರೆ ಕೆಲವೇ ವಾರಗಳಲ್ಲಿ ಆಣಿ ಅಲ್ಲಿಯೇ ಮರಳುತ್ತದೆ. ಒತ್ತಡವನ್ನು ಬೇರೆಡೆಗೆ ಹಂಚಲು ಆಣಿಯ ಸುತ್ತ ಕುದುರೆಲಾಳದ ಆಕಾರದ ಫೆಲ್ಟ್ ಮೆತ್ತೆ, ಬೆರಳಿಗೆ ಸಿಲಿಕೋನ್ ಕವಚ, ಚಪ್ಪಲಿಯೊಳಗೆ ಅಳತೆಗೆ ಮಾಡಿದ ಅಟ್ಟೆ, ಇವುಗಳಲ್ಲಿ ಯಾವುದು ಬೇಕೆಂದು ಕೇಳಿ ತಿಳಿಯಿರಿ. ಕೇಳದಿದ್ದರೆ ಹಲವೆಡೆ ಅದನ್ನು ಹೇಳುವುದೇ ಇಲ್ಲ. ನಾಲ್ಕನೆಯ ಬೆರಳು ಮತ್ತು ಕಿರುಬೆರಳ ನಡುವೆ ಬೆಳ್ಳಗೆ, ಒದ್ದೆಯಾಗಿ ಕಾಣುವ ಮೆದು ಆಣಿಯನ್ನು ಫಂಗಸ್ ಎಂದೇ ತಿಳಿದು ತಿಂಗಳುಗಟ್ಟಲೆ ಮುಲಾಮು ಹಚ್ಚುವವರಿದ್ದಾರೆ. ಅಲ್ಲಿ ಬೇಕಾಗಿರುವುದು ಎರಡು ಬೆರಳುಗಳನ್ನು ದೂರವಿಡುವ ಮೆತ್ತೆ ಮತ್ತು ಅಗಲ ಮೂತಿಯ ಪಾದರಕ್ಷೆ. ಕಾಲುಂಗುರ ತೊಡುವವರು ಅದು ಪಕ್ಕದ ಬೆರಳಿಗೆ ಒತ್ತುತ್ತಿದೆಯೇ, ಅದರಡಿ ನೀರು ನಿಲ್ಲುತ್ತಿದೆಯೇ ಎಂದು ನೋಡಿಕೊಳ್ಳಬೇಕು. ಬೆರಳು ಊದಿಕೊಳ್ಳುವ ಲಕ್ಷಣ ಕಂಡರೆ ಮೊದಲು ತೆಗೆಯಬೇಕಾದದ್ದು ಉಂಗುರವನ್ನೇ.

ಔಷಧದಂಗಡಿಯ ಕಾರ್ನ್ ಕ್ಯಾಪಿನಲ್ಲಿರುವುದು ಸ್ಯಾಲಿಸಿಲಿಕ್ ಆಮ್ಲ. ಅದಕ್ಕೆ ಆಣಿ ಯಾವುದು, ಒಳ್ಳೆಯ ಚರ್ಮ ಯಾವುದು ಎಂಬ ಭೇದವಿಲ್ಲ. ಮಧುಮೇಹವಿರುವವರು, ಕಾಲಿಗೆ ರಕ್ತ ಸಾಲದವರು ಅದನ್ನು ಅಂಟಿಸಿಕೊಳ್ಳಲೇಬಾರದು. ಅಂಗಾಲಿನ ಆಣಿಯನ್ನು ಆಳವಾಗಿ ಕತ್ತರಿಸಿ ಹೊಲಿಗೆ ಹಾಕೋಣ ಎಂಬ ಸಲಹೆ ಬಂದರೆ ಇನ್ನೊಬ್ಬರ ಅಭಿಪ್ರಾಯ ಕೇಳುವುದು ಲೇಸೆಂದು ನನ್ನ ಅನಿಸಿಕೆ. ಮೈಭಾರ ಬೀಳುವ ಜಾಗದಲ್ಲಿ ಉಳಿಯುವ ಕಲೆ ಆಣಿಗಿಂತ ಹೆಚ್ಚು ನೋಯಿಸಬಲ್ಲದು.

ಒಳಬೆಳೆದ ಉಗುರು

ಹೆಬ್ಬೆರಳಿನ ಉಗುರಿನ ಮೂಲೆ ಮಾಂಸಕ್ಕೆ ಚುಚ್ಚಿಕೊಂಡು ಊದಿ, ಕೀವಾಗಿ, ಕೊನೆಗೆ ಕೆಂಪು ಮಾಂಸ ಉಬ್ಬಿ ಬರುವ ಈ ತೊಂದರೆಗೆ ಮುಖ್ಯ ಕಾರಣ ಉಗುರಿನ ಮೂಲೆಗಳನ್ನು ಆಳವಾಗಿ ದುಂಡಗೆ ಕತ್ತರಿಸುವುದು ಮತ್ತು ಬಿಗಿಯಾದ ಬೂಟು. ಶಾಲೆ, ಕಾಲೇಜಿನ ಹುಡುಗರಲ್ಲಿ ಇದು ಹೆಚ್ಚು. ಆಂಟಿಬಯೋಟಿಕ್ ಮಾತ್ರೆಯಿಂದ ನಾಲ್ಕು ದಿನ ಊತ ಇಳಿದಂತೆ ಕಂಡರೂ, ಮುಳ್ಳಿನಂತಿರುವ ಉಗುರಿನ ಚೂರು ಒಳಗೇ ಇರುವವರೆಗೆ ಗುಣವಾಗುವುದಿಲ್ಲ.

ತೊಂದರೆ ಈಗಷ್ಟೇ ಶುರುವಾಗಿದ್ದರೆ ಕತ್ತರಿಸದೆಯೇ ಸರಿಪಡಿಸಬಹುದು. ಉಗುರಿನ ಅಂಚಿನಡಿ ಹತ್ತಿಯ ತೆಳು ಎಳೆಯನ್ನು ಸೇರಿಸಿ ಎತ್ತುವುದು, ಊದಿದ ಮಾಂಸವನ್ನು ಅಂಟುಪಟ್ಟಿಯಿಂದ ಉಗುರಿನಿಂದಾಚೆಗೆ ಎಳೆದು ಕಟ್ಟುವುದು, ಡ್ರಿಪ್ ಹಾಕುವ ಶುದ್ಧ ಪ್ಲಾಸ್ಟಿಕ್ ನಳಿಕೆಯನ್ನು ಉದ್ದಕ್ಕೆ ಸೀಳಿ ಉಗುರಿನ ಅಂಚಿಗೆ ತೊಡಿಸುವುದು, ಇವು ಮೂರು ಬಳಕೆಯಲ್ಲಿರುವ ವಿಧಾನಗಳು. ಮೂರನೆಯದು ಹೆಚ್ಚು ಖರ್ಚಿಲ್ಲದ ಜಾಣ ಉಪಾಯ.

ಮತ್ತೆ ಮತ್ತೆ ಮರುಕಳಿಸುವವರಿಗೆ ಉಗುರಿನ ಒಂದು ಅಂಚನ್ನು ತೆಗೆದು ಫೀನಾಲ್ ಎಂಬ ಸುಡುವ ರಾಸಾಯನಿಕ ಹಚ್ಚುವ ಚಿಕಿತ್ಸೆ ಇದೆ. ಬೆರಳ ಬುಡದ ಎರಡೂ ಬದಿಗೆ ಲಿಗ್ನೋಕೇನ್ ಚುಚ್ಚುಮದ್ದು ಕೊಡುತ್ತಾರೆ. ಇಡೀ ಕ್ರಿಯೆಯಲ್ಲಿ ನೋಯುವುದು ಮುಖ್ಯವಾಗಿ ಈ ಸೂಜಿಯೇ. ಬೆರಳು ಮರಗಟ್ಟಿದ ಮೇಲೆ ಬುಡಕ್ಕೆ ರಬ್ಬರ್ ಪಟ್ಟಿ ಬಿಗಿದು ರಕ್ತ ತಡೆದು, ಚುಚ್ಚುತ್ತಿರುವ ಅಂಚಿನಲ್ಲಿ ಕೆಲವೇ ಮಿಲಿಮೀಟರ್ ಅಗಲದ ಪಟ್ಟಿಯನ್ನು ಬುಡದವರೆಗೆ ಸೀಳಿ ಎಳೆಯುತ್ತಾರೆ. ಅನಂತರ, ಉಗುರು ಹುಟ್ಟುವ ಮೂಲಪದರದ ಆ ಭಾಗಕ್ಕೆ ಫೀನಾಲ್ ಅದ್ದಿದ ಹತ್ತಿಯ ಕಡ್ಡಿಯನ್ನು ಸುಮಾರು ಮೂರು ನಿಮಿಷ ಉಜ್ಜುತ್ತಾರೆ. ಅಷ್ಟು ಪಾಲು ಉಗುರು ಮುಂದೆ ಬೆಳೆಯುವುದಿಲ್ಲ. ಉಳಿದ ಉಗುರು ಸ್ವಲ್ಪ ಕಿರಿದಾಗಿ ಎಂದಿನಂತೆಯೇ ಇರುತ್ತದೆ. ರಬ್ಬರ್ ಪಟ್ಟಿಯನ್ನು ಬಿಚ್ಚಿದ್ದಾರೆಯೇ ಎಂಬುದನ್ನು ನೀವೂ ಕಣ್ಣಾರೆ ನೋಡಿಕೊಳ್ಳುವುದರಲ್ಲಿ ತಪ್ಪಿಲ್ಲ.

ಹೀಗಲ್ಲದೆ, ಇಡೀ ಉಗುರನ್ನು ಕಿತ್ತು ಮೂಲವನ್ನು ಹಾಗೆಯೇ ಬಿಡುವ ಪದ್ಧತಿ ಇನ್ನೂ ನಡೆಯುತ್ತಿದೆ. ಹೊಸ ಉಗುರು ಅದೇ ಮೂಲದಿಂದ, ಅದೇ ಅಗಲದಲ್ಲಿ ಬರುವುದರಿಂದ ತೊಂದರೆ ಮರುಕಳಿಸುವ ಸಂಭವ ಬಹಳ ಹೆಚ್ಚು. ಮೂಲಕ್ಕೆ ಏನು ಮಾಡುತ್ತೀರಿ ಎಂದು ಮೊದಲೇ ಕೇಳಿ. ಗರ್ಭಿಣಿಯರಿಗೂ ಕಾಲಿಗೆ ರಕ್ತ ಸಾಲದವರಿಗೂ ಫೀನಾಲ್ ಸೂಕ್ತವಲ್ಲ.

ಆ ದಿನ ಕಾಲನ್ನು ದಿಂಬಿನ ಮೇಲೆ ಎತ್ತರದಲ್ಲಿಟ್ಟು ವಿಶ್ರಾಂತಿ ತೆಗೆದುಕೊಳ್ಳಬೇಕು. ಮನೆಗೆ ಬೈಕ್ ಓಡಿಸಿಕೊಂಡು ಬರುವ ಸಾಹಸ ಬೇಡ. ಮುಂದಿನ ದಿನಗಳಲ್ಲಿ ಹೇಳಿದಂತೆ ತೊಳೆದು ಪಟ್ಟಿ ಬದಲಿಸಬೇಕು. ಎರಡರಿಂದ ನಾಲ್ಕು ವಾರ ನೀರಿನಂತಹ ಒಸರು ಬರುವುದು ಫೀನಾಲ್ ಸುಟ್ಟ ಗಾಯದ ಸಹಜ ಲಕ್ಷಣ. ಒಸರು ಕಡಿಮೆಯಾಗುತ್ತಾ ಬರಬೇಕು. ಹೆಚ್ಚಾಗುತ್ತಾ, ನೋವೂ ಕೆಂಪೂ ಏರಿದರೆ ಸೋಂಕು ಎಂದು ತಿಳಿದು ಮರಳಿ ಹೋಗಬೇಕು.

ದಪ್ಪಗಾದ ಹಳದಿ ಉಗುರು

ಇಂತಹ ಉಗುರುಗಳಲ್ಲಿ ಫಂಗಸ್ ಇರುವುದು ಸುಮಾರು ಅರ್ಧದಷ್ಟರಲ್ಲಿ ಮಾತ್ರ. ಉಳಿದವು ಸೋರಿಯಾಸಿಸ್‌ನಿಂದಲೋ, ಬೂಟಿನ ತಿಕ್ಕಾಟದಿಂದಲೋ, ಹಳೆಯ ಪೆಟ್ಟಿನಿಂದಲೋ, ವಯಸ್ಸಿನಿಂದಲೋ ಆದವು. ಆದ್ದರಿಂದ ಪರೀಕ್ಷೆಯಿಲ್ಲದೆ ಮಾತ್ರೆ ನುಂಗುವುದು ನಾಣ್ಯ ಚಿಮ್ಮಿ ಔಷಧ ತೆಗೆದುಕೊಂಡಂತೆ. ಉಗುರಿನ ತುಣುಕನ್ನೂ ಅದರಡಿಯ ಪುಡಿಯನ್ನೂ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಯಾವ ಬಗೆಯ ಫಂಗಸ್ ಎಂದು ತಿಳಿಯಲು ಬೆಳೆಸಿ ನೋಡುವ ಪರೀಕ್ಷೆಗೆ ಕೆಲವು ವಾರಗಳೇ ಬೇಕು. ಫಂಗಸ್ ನಿವಾರಕ ಮುಲಾಮನ್ನು ಮೊದಲೇ ಹಚ್ಚುತ್ತಿದ್ದರೆ ಫಲಿತಾಂಶ ತಪ್ಪಾಗಬಹುದಾದ್ದರಿಂದ ಅದನ್ನು ತಿಳಿಸಬೇಕು.

ಫಂಗಸ್ ಎಂದಾದರೆ, ದಪ್ಪ ಭಾಗವನ್ನು ಸಣ್ಣ ಯಂತ್ರದಿಂದ ಉಜ್ಜಿ ತೆಳುವಾಗಿಸುತ್ತಾರೆ. ಕಾಲಿನ ಉಗುರಿಗೆ ಟರ್ಬಿನಾಫಿನ್ 250 ಮಿಲಿಗ್ರಾಂ ಮಾತ್ರೆಯನ್ನು ವಯಸ್ಕರಿಗೆ ಸಾಮಾನ್ಯವಾಗಿ ದಿನಕ್ಕೊಂದರಂತೆ 12 ವಾರ ಕೊಡುತ್ತಾರೆ. ಅದಕ್ಕೆ ಮೊದಲು ಯಕೃತ್ತಿನ ರಕ್ತಪರೀಕ್ಷೆ ಮಾಡಿಸುತ್ತಾರೆ. ಉಗುರಿನ ತುದಿಯಲ್ಲಿ ಮಾತ್ರ ಇದ್ದರೆ ಅಮೊರೊಲ್ಫಿನ್‌ನಂತಹ ಹಚ್ಚುವ ಔಷಧ ಸಾಕಾಗಬಹುದು. ಮಾತ್ರೆ ಮುಗಿದ ದಿನ ಉಗುರು ಇನ್ನೂ ಹಳದಿಯಾಗಿಯೇ ಇರುವುದನ್ನು ಕಂಡು ನಿರಾಶರಾಗಬೇಕಿಲ್ಲ. ಕಾಲಿನ ಉಗುರು ತಿಂಗಳಿಗೆ ಬೆಳೆಯುವುದು ಸುಮಾರು 1.5 ಮಿಲಿಮೀಟರ್, ಹೆಬ್ಬೆರಳಿನ ಉಗುರು ಪೂರ್ತಿ ಹೊಸದಾಗಲು 12ರಿಂದ 18 ತಿಂಗಳು ಬೇಕು. ತಿಂಗಳಿಗೊಮ್ಮೆ ಫೋಟೋ ತೆಗೆದು, ಬುಡದಿಂದ ತಿಳಿಯಾದ ಉಗುರು ಮುಂದೆ ಬರುತ್ತಿದೆಯೇ ಎಂದು ನೋಡಿದರೆ ಔಷಧ ಕೆಲಸ ಮಾಡಿದೆಯೋ ಇಲ್ಲವೋ ತಿಳಿಯುತ್ತದೆ. ಲೇಸರ್ ಚಿಕಿತ್ಸೆಗೆ ಸಾವಿರಾರು ರೂಪಾಯಿ ಕೊಡುವ ಮುನ್ನ, ಅದರ ಪುರಾವೆ ಮಾತ್ರೆಯಷ್ಟು ಗಟ್ಟಿಯಿಲ್ಲ ಎಂಬುದನ್ನು ಗಮನಿಸಬೇಕು.

ಒಡಕು, ಸಂದಿಹುಣ್ಣು, ನರಹುಲಿ

ಒಡೆದ ಹಿಮ್ಮಡಿಗೆ ಕ್ಲಿನಿಕ್‌ನಲ್ಲಿ ಬಿರುಕಿನ ಅಂಚಿನ ಗಟ್ಟಿ ಚರ್ಮವನ್ನು ಹೆರೆದು ಸಮಮಾಡುತ್ತಾರೆ. ಅಂಚು ಗಟ್ಟಿಯಿರುವವರೆಗೆ ಪ್ರತಿ ಹೆಜ್ಜೆಗೂ ಬಿರುಕು ಬಾಯಿಬಿಡುತ್ತಲೇ ಇರುತ್ತದೆ. ಮನೆಯಲ್ಲಿ ಯೂರಿಯಾ ಇರುವ ಕ್ರೀಮನ್ನು ಸ್ನಾನವಾದ ಕೂಡಲೇ, ಚರ್ಮದಲ್ಲಿ ಇನ್ನೂ ಪಸೆಯಿರುವಾಗ ಹಚ್ಚಿ, ರಾತ್ರಿ ಹತ್ತಿಯ ಕಾಲುಚೀಲ ಹಾಕಿಕೊಳ್ಳಬೇಕು. ಹಿಂಬದಿ ತೆರೆದ ಚಪ್ಪಲಿ ಮತ್ತು ಬರಿಗಾಲ ನಡಿಗೆ ಒಡಕನ್ನು ಹೆಚ್ಚಿಸುತ್ತವೆ. ಕರಾವಳಿಯ ಕಡೆ ಹಚ್ಚುವ ಗೇರೆಣ್ಣೆ ಚರ್ಮವನ್ನು ಸುಟ್ಟು ಬೊಬ್ಬೆ ಎಬ್ಬಿಸುತ್ತದೆ, ಅದು ಬೇಡ.

ಮಳೆಗಾಲದಲ್ಲಿ ಗದ್ದೆಯಲ್ಲಿ, ತೋಟದಲ್ಲಿ ದುಡಿಯುವವರಿಗೂ ದಿನವಿಡೀ ಗಂಬೂಟು ಹಾಕುವವರಿಗೂ ಬರುವ ಬೆರಳ ಸಂದಿಯ ಹುಣ್ಣು ಫಂಗಸ್ ಆಗಿದ್ದರೆ ಹಚ್ಚುವ ಔಷಧಕ್ಕೇ ಬಗ್ಗುತ್ತದೆ. ತುರಿಕೆ ನಿಂತ ಮೇಲೂ ವೈದ್ಯರು ಹೇಳಿದಷ್ಟು ದಿನ ಹಚ್ಚಬೇಕು. ಔಷಧದಂಗಡಿಯಲ್ಲಿ ಕೇಳಿ ತರುವ, ಸ್ಟೀರಾಯ್ಡ್ ಬೆರೆತ ಮುಲಾಮು ತುರಿಕೆಯನ್ನು ಒಂದೇ ದಿನದಲ್ಲಿ ಅಡಗಿಸಿ ಫಂಗಸ್ ಅನ್ನು ಒಳಗೊಳಗೇ ಬೆಳೆಸುತ್ತದೆ. ನರಹುಲಿ ವೈರಸ್‌ನಿಂದ ಬರುವಂಥದ್ದು. ಬಹಳಷ್ಟು ತಾವಾಗಿಯೇ ಹೋಗುತ್ತವೆ. ಕಾಡುತ್ತಿದ್ದರೆ ಸ್ಯಾಲಿಸಿಲಿಕ್ ಆಮ್ಲ ಅಥವಾ ಮೈನಸ್ 196 ಡಿಗ್ರಿ ಸೆಲ್ಸಿಯಸ್‌ನ ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸುವ ಚಿಕಿತ್ಸೆಯನ್ನು ಎರಡು ಮೂರು ವಾರಕ್ಕೊಮ್ಮೆ ಹಲವು ಬಾರಿ ಮಾಡುತ್ತಾರೆ.

ಮಧುಮೇಹವಿದ್ದರೆ

ಮೇಲೆ ಹೇಳಿದ ಯಾವ ತೊಂದರೆಯನ್ನೂ ಮಧುಮೇಹಿಗಳು ಸ್ವತಃ ಬ್ಲೇಡು, ಆಮ್ಲ, ಬಿಸಿನೀರಿನಿಂದ ಸರಿಪಡಿಸಿಕೊಳ್ಳಲು ಹೋಗಬಾರದು. ಜೋಮು ಹಿಡಿದ ಕಾಲಿಗೆ ಬಿಸಿನೀರಿನ ಶಾಖ ಕೊಟ್ಟು ಬೊಬ್ಬೆ ಬಂದದ್ದು, ಬೇಸಿಗೆಯ ಮಧ್ಯಾಹ್ನ ದೇವಸ್ಥಾನದ ಕಲ್ಲುಹಾಸಿನ ಮೇಲೆ ಬರಿಗಾಲಲ್ಲಿ ಪ್ರದಕ್ಷಿಣೆ ಹಾಕಿ ಅಂಗಾಲು ಸುಟ್ಟದ್ದು, ಇಂತಹವೇ ವಾಸಿಯಾಗದ ಹುಣ್ಣಿಗೆ ಮೊದಲಾಗುತ್ತವೆ. ಬೆಳಗಿನ ತಂಪಿನಲ್ಲಿ ಹೋಗುವುದು, ದಪ್ಪ ಕಾಲುಚೀಲ ಹಾಕಿಕೊಳ್ಳುವುದು ಭಕ್ತಿಗೆ ಕುಂದಲ್ಲ.

ತಪಾಸಣೆಗೆ ಅಂತರರಾಷ್ಟ್ರೀಯ ತಜ್ಞರ ಒಪ್ಪಿತ ಕ್ರಮವಿದೆ: ಸ್ಪರ್ಶಜ್ಞಾನವೂ ರಕ್ತ ಸಂಚಾರವೂ ಸರಿಯಿದ್ದರೆ ವರ್ಷಕ್ಕೊಮ್ಮೆ, ಎರಡರಲ್ಲೊಂದು ಕುಂದಿದ್ದರೆ 6ರಿಂದ 12 ತಿಂಗಳಿಗೊಮ್ಮೆ, ಎರಡೂ ಕುಂದಿದ್ದರೆ, ಅಥವಾ ಒಂದು ಕುಂದಿರುವುದರ ಜೊತೆಗೆ ಪಾದದ ಆಕಾರ ಬದಲಾಗಿದ್ದರೆ 3ರಿಂದ 6 ತಿಂಗಳಿಗೊಮ್ಮೆ, ಹೀಗೆ ಕುಂದಿರುವವರಿಗೆ ಹಿಂದೆ ಹುಣ್ಣಾಗಿದ್ದರೆ ಅಥವಾ ಬೆರಳು ತೆಗೆಸಿಕೊಂಡಿದ್ದರೆ 1ರಿಂದ 3 ತಿಂಗಳಿಗೊಮ್ಮೆ. ಅಂಗಾಲಿನ ಹುಣ್ಣಿಗೆ ಪಟ್ಟಿ ಕಟ್ಟುವುದರ ಜೊತೆಗೆ ಆ ಜಾಗದ ಮೇಲಿನ ಭಾರವನ್ನು ಪೂರ್ತಿ ಇಳಿಸುವ ವಿಶೇಷ ಪ್ಲಾಸ್ಟರ್ ಅಥವಾ ಬೂಟನ್ನು ಹಾಕುತ್ತಾರೆ. ಮನೆಯೊಳಗೆ ನಾಲ್ಕು ಹೆಜ್ಜೆ ತಾನೇ ಎಂದು ಅದನ್ನು ಕಳಚಿದರೆ ವಾರಗಳ ಶ್ರಮ ಹಾಳಾಗುತ್ತದೆ.

ಹತಾರ ಮತ್ತು ಪಾದರಕ್ಷೆ

ಕುರ್ಚಿಯಲ್ಲಿ ಕುಳಿತ ಮೇಲೆ, ಹತಾರಗಳನ್ನು ಮುಚ್ಚಿದ ಪೊಟ್ಟಣದಿಂದ ನಿಮ್ಮೆದುರೇ ತೆರೆಯುತ್ತಾರೆಯೇ ಎಂದು ನೋಡಿ. ಒತ್ತಡದ ಹಬೆಯಲ್ಲಿ, 121 ಡಿಗ್ರಿಯಲ್ಲಿ ಕನಿಷ್ಠ 15 ನಿಮಿಷ ಶುದ್ಧೀಕರಿಸಿದ ಹತಾರವನ್ನು ಆಟೋಕ್ಲೇವ್ ಮಾಡಿದ್ದು ಎನ್ನುತ್ತಾರೆ. ಸ್ಪಿರಿಟ್‌ನಲ್ಲಿ ಅದ್ದಿ ಒರೆಸಿದ್ದು ಅದಕ್ಕೆ ಸಮವಲ್ಲ. ಮನೆಯಲ್ಲಿಯೂ ಉಗುರನ್ನು ನೇರವಾಗಿ ಕತ್ತರಿಸಿ, ಚೂಪಾದ ಮೂಲೆಯನ್ನು ಅರದಿಂದ ಉಜ್ಜಿದರೆ ಸಾಕು. ಫಂಗಸ್ ಇದ್ದವರ ನೈಲ್ ಕಟರ್ ಬೇರೆಯೇ ಇರಲಿ.

ಪಾದರಕ್ಷೆ ಕೊಳ್ಳಲು ಸಂಜೆ ಹೋಗಿ, ಏಕೆಂದರೆ ದಿನವಿಡೀ ನಡೆದ ಪಾದ ಆ ಹೊತ್ತಿಗೆ ಕೊಂಚ ಊದಿರುತ್ತದೆ. ಅದಕ್ಕೂ ಮೊದಲು ಮನೆಯಲ್ಲಿ ಬಿಳಿ ಹಾಳೆಯ ಮೇಲೆ ನಿಂತು, ಎರಡೂ ಪಾದಗಳ ಸುತ್ತ ಪೆನ್ಸಿಲ್‌ನಿಂದ ಗೆರೆ ಎಳೆಸಿ, ಕತ್ತರಿಸಿಟ್ಟುಕೊಳ್ಳಿ. ಅಂಗಡಿಯಲ್ಲಿ ಆ ಹಾಳೆಯನ್ನು ಪಾದರಕ್ಷೆಯ ಮೇಲಿಟ್ಟಾಗ, ಅತಿ ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆಟ್ಟಿನ ಅಗಲ ಉಳಿಯಬೇಕು. ಹಾಳೆಯ ಅಂಚು ಎಲ್ಲಿಯಾದರೂ ಅಟ್ಟೆಯಿಂದ ಹೊರಗೆ ಚಾಚಿದರೆ, ಮುಂದಿನ ಆಣಿ ಏಳುವ ಜಾಗ ಅದೇ ಎಂದು ತಿಳಿದು ಆ ಜೋಡಿಯನ್ನು ಅಂಗಡಿಯಲ್ಲಿಯೇ ಬಿಟ್ಟು ಬರಬಹುದು.